ಲೈನ್ ಅಂದ್ರೆ ಯಾವ ಲೈನ್?

ಮೆಟ್ರೊದಲ್ಲಿ ದಿನಾ ಓಡಾಡೋರಿಗೆ ಒಂದು ಪ್ರಶ್ನೆ. 'ಯೆಲ್ಲೊ ಲೈನ್' ಅಂದರೆ ಹತ್ತಬೇಕೋ, ಹಿಂದೆ ಸರಿಯಬೇಕೋ? ಪ್ಲಾಟ್‌ಫಾರ್ಮಿನ ಅಂಚಿಗೆ ಬಳಿದಿರೋ ಯೆಲ್ಲೊ ಲೈನ್ ಆದರೆ ಅದರ ಹಿಂದೆ ನಿಲ್ಲಬೇಕು. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಶುರುವಾದ ಯೆಲ್ಲೊ ಲೈನ್ ಆದರೆ ಹತ್ತಿ ಕೂರಬೇಕು. ಕನ್ನಡದಲ್ಲಿ ಈ ಗೊಂದಲವೇ ಇಲ್ಲ. ಒಂದು ಹಳದಿ ಗೆರೆ, ಇನ್ನೊಂದು ಹಳದಿ ಮಾರ್ಗ. ಎರಡೂ ಬೇರೆ ಬೇರೆ ವಸ್ತು, ಎರಡಕ್ಕೂ ಬೇರೆ ಬೇರೆ ಪದ.

ನಮ್ಮ ಬಳಗದ ನೋಟಿಸ್ ಬೋರ್ಡಿನಲ್ಲಿ 'ವಾರದ ಪದ' ಅಂತ ಒಂದು ಮೂಲೆ ಇರೋದು ನಿಮಗೆಲ್ಲ ಗೊತ್ತು. ಸೋಮವಾರ ಒಂದು ಇಂಗ್ಲಿಷ್ ಪದ ಅಂಟಿಸ್ತೀವಿ, ಶುಕ್ರವಾರದೊಳಗೆ ಯಾರು ಬೇಕಾದರೂ ಅದರ ಕೆಳಗೆ ಕನ್ನಡ ಪದ ಬರೆದು ಚುಚ್ಚಬಹುದು. 'ಲೈನ್' ಹಾಕಿದ ವಾರ ಚೀಟಿಗಳು ಬೋರ್ಡಿನ ಆಚೆಗೂ ಹೋದವು. ಮೆಕ್ಯಾನಿಕಲ್‌ನವರು ಡ್ರಾಯಿಂಗ್ ನೆನೆಸಿಕೊಂಡು 'ರೇಖೆ', 'ಗೆರೆ' ಅಂದ್ರು. ಎಲೆಕ್ಟ್ರಿಕಲ್‌ನವರು 'ತಂತಿ'. ಕಂಪ್ಯೂಟರ್ ಸೈನ್ಸ್‌ನವರು 'ಸಾಲು'. ಸಿವಿಲ್‌ನಿಂದ 'ದಾರ' ಬಂತು. ಮೆಟ್ರೊದಲ್ಲಿ ಬರೋರು 'ಮಾರ್ಗ' ಅಂದ್ರು, ಮೆಸ್ಸಿನಲ್ಲಿ ತಟ್ಟೆ ಹಿಡಿದು ಕಾಯೋರು 'ಸರತಿ' ಅಂದ್ರು. ಯಾರೋ ಒಬ್ಬರು ಪದವನ್ನೇ ಬಿಟ್ಟು ಬರೀ 'ಹೊಡೆಯೋದು' ಅಂತ ಬರೆದು ಪಕ್ಕದಲ್ಲಿ ಹೃದಯ ಬಿಡಿಸಿದ್ರು. ಯಾವುದೂ ತಪ್ಪಲ್ಲ. ಹಾಗಾದರೆ ಒಂದೇ ಪದದಲ್ಲಿ ಇಷ್ಟೆಲ್ಲ ಹೇಗೆ ಸೇರಿಕೊಂಡಿತು, ಅದಕ್ಕೆ ಕನ್ನಡದಲ್ಲಿ ಒಂದೇ ಪದ ಹುಡುಕೋದು ಬೇಕಾ, ಅನ್ನೋದು ಈ ಸಲದ ವಿಷಯ.

ಮೊದಲು ಪದದ ಬೇರು ನೋಡೋಣ. ಲ್ಯಾಟಿನ್ನಿನಲ್ಲಿ 'ಲೀನಮ್' ಅಂದರೆ ಅಗಸೆ ಗಿಡ. ಉತ್ತರ ಕರ್ನಾಟಕದ ಗೆಳೆಯರು ಊರಿಂದ ಡಬ್ಬಿಯಲ್ಲಿ ತರೋ ಅಗಸಿ ಹಿಂಡಿ ಇದೆಯಲ್ಲ, ಅದೇ ಗಿಡದ ಬೀಜ. ಅದರ ನಾರಿನಿಂದ ಹೊಸೆದ ದಾರ 'ಲೀನಿಯಾ'. ಇಂಗ್ಲಿಷಿನ 'ಲೈನ್' ಬಂದದ್ದು ಅಲ್ಲಿಂದ. ಲಿನೆನ್ ಅಂಗಿ, ಲಿನ್‌ಸೀಡ್ ಎಣ್ಣೆ, ಕೋಟಿನ ಒಳಗಿನ ಲೈನಿಂಗ್ ಎಲ್ಲ ಇದರ ದಾಯಾದಿಗಳೇ.

ಹೀಗೆ 'ಲೈನ್' ಅಂದರೆ ಮೂಲದಲ್ಲಿ ದಾರ ಅಂತ ಗೊತ್ತಾದ ಮೇಲೆ ಉಳಿದ ಅರ್ಥಗಳೆಲ್ಲ ತಾವಾಗಿ ಬಿಚ್ಚಿಕೊಳ್ತವೆ. ದಾರವನ್ನ ಬಿಗಿಯಾಗಿ ಎಳೆದರೆ ನೇರವಾದ ಗೆರೆ. ದಾರಕ್ಕೆ ಮಣಿ ಪೋಣಿಸಿದರೆ ಸಾಲು. ಎರಡು ಕಡೆ ಕಟ್ಟಿದರೆ ಸಂಪರ್ಕ. ಅಡ್ಡ ಕಟ್ಟಿದರೆ ದಾಟಬಾರದ ಗಡಿ. ಇದು ಬರೀ ಇಂಗ್ಲಿಷಿನ ಚಮತ್ಕಾರ ಅಲ್ಲ. ಸಂಸ್ಕೃತದ 'ಸೂತ್ರ' ಕೂಡ ದಾರವೇ. ಮಂಗಳಸೂತ್ರದಲ್ಲಿ ಅದು ದಾರವಾಗಿಯೇ ಉಳಿದಿದೆ, ಗಾಳಿಪಟಕ್ಕೆ ಕಟ್ಟೋ ಸೂತ್ರದಲ್ಲೂ ಹಾಗೇ. ಗಣಿತದ ತರಗತಿಗೆ ಬಂದ ತಕ್ಷಣ ಅದೇ ಸೂತ್ರ ಫಾರ್ಮುಲಾ ಆಗಿಬಿಡುತ್ತೆ. ಒಂದು ದಾರದಿಂದ ಅವರು ಗೆರೆ ಎಳೆದರು, ನಮ್ಮವರು ವಿಚಾರ ಪೋಣಿಸಿದರು. ಇಂದಿರಾನಗರದಲ್ಲಿ ಹಳೇ ಮನೆ ಕೆಡವಿ ಹೊಸದು ಕಟ್ಟೋ ಸೈಟುಗಳಿಗೇನೂ ಕಮ್ಮಿ ಇಲ್ಲ; ಅಲ್ಲಿ ಒಂದು ನಿಮಿಷ ನಿಂತು ನೋಡಿ. ಮೇಸ್ತ್ರಿ ಈ ಮೂಲೆಯಿಂದ ಆ ಮೂಲೆಗೆ ದಾರ ಎಳೆದು ಕಟ್ಟಿ, ಒಂದು ಕಣ್ಣು ಮುಚ್ಚಿ ನೋಡಿ, 'ಲೈನ್ ಸರಿಯಾಗೈತೆ' ಅಂತಾರೆ. ಎರಡು ಸಾವಿರ ವರ್ಷದ ಹಿಂದಿನ ಅರ್ಥ ಅಲ್ಲಿ ಒಂದಿಷ್ಟೂ ಸವೆದಿಲ್ಲ.

ಆದರೆ ಈ ಪದ ನಮ್ಮ ಊರಿಗೆ ಮೇಸ್ತ್ರಿಯ ದಾರ ಹಿಡಕೊಂಡು ಬರಲಿಲ್ಲ, ಪುಸ್ತಕದಿಂದಲೂ ಬರಲಿಲ್ಲ. ಬಹಳ ಮಟ್ಟಿಗೆ ಬಂದದ್ದು ಪಟಾಲಮ್ಮಿನ ಜೊತೆ.

ಟಿಪ್ಪುವಿನ ಪತನದ ನಂತರ ಬ್ರಿಟಿಷರ ಸೈನ್ಯ ಶ್ರೀರಂಗಪಟ್ಟಣದಲ್ಲಿತ್ತು. ಅಲ್ಲಿನ ಮಲೇರಿಯಾ ತಡೆಯಲಾರದೆ 1809ರ ಹೊತ್ತಿಗೆ ಅದನ್ನ ಹಲಸೂರಿನ ಹತ್ತಿರಕ್ಕೆ ತಂದ್ರು. ಹಾಗೆ ಹುಟ್ಟಿದ್ದು ದಂಡು, ಅಂದರೆ ಕಂಟೋನ್ಮೆಂಟ್. ಇಲ್ಲಿನ ರಸ್ತೆಗಳ ಹೆಸರು ಈಗಲೂ ಕವಾಯತು ಮಾಡ್ತಾ ಇರೋ ಹಾಗಿವೆ: ಇನ್‌ಫೆಂಟ್ರಿ ರೋಡ್, ಬ್ರಿಗೇಡ್ ರೋಡ್, ಪೆರೇಡ್ ಮೈದಾನ. ಇವತ್ತಿನ ಕಾಮರಾಜ ರಸ್ತೆ ಹಿಂದೆ ಕ್ಯಾವಲ್ರಿ ರೋಡ್.

ಸೈನ್ಯದ ಇಂಗ್ಲಿಷಿನಲ್ಲಿ 'ಲೈನ್ಸ್' ಅಂದರೆ ಸಿಪಾಯಿಗಳು ಇರೋ ಗುಡಿಸಲುಗಳ ಸಾಲು. ಇಲ್ಲೊಂದು ಸೂಕ್ಷ್ಮ ಇದೆ. ಗೋರಾ ಸಿಪಾಯಿ ಇರುತ್ತಿದ್ದದ್ದು 'ಬ್ಯಾರಕ್ಸ್'ನಲ್ಲಿ, ಸರ್ಕಾರ ಕಟ್ಟಿಸಿಕೊಟ್ಟ ಎತ್ತರದ ಕಟ್ಟಡದಲ್ಲಿ. 'ಲೈನ್ಸ್' ಇದ್ದದ್ದು ದೇಶಿ ಸಿಪಾಯಿಗೆ. ಒಂದೇ ಸೈನ್ಯ, ಎರಡು ವಾಸ, ಎರಡು ಪದ. ಅಧಿಕಾರಿಗೆ ಬಂಗಲೆ. 'ಲೈನ್' ಅನ್ನೋ ಪದ ಈ ದೇಶದಲ್ಲಿ ವಾಸದ ಮನೆಗೆ ಅಂಟಿಕೊಂಡಿದ್ದೇ ಈ ಮೂರನೇ ಮೆಟ್ಟಿಲಿನಲ್ಲಿ.

ಅಲ್ಲಿಂದ ಅದು ಹೋದ ಕಡೆಯಲ್ಲೆಲ್ಲ ಅದೇ ಮೆಟ್ಟಿಲನ್ನ ಹೊತ್ತುಕೊಂಡು ಹೋಯಿತು. ಕೋಲಾರದ ಚಿನ್ನದ ಗಣಿ ನೋಡಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ಇಂಗ್ಲಿಷ್ ಅಧಿಕಾರಿಗಳಿಗೆ ಬಂಗಲೆ, ಕ್ಲಬ್ಬು ಎಲ್ಲ ಆದವು. ತಮಿಳು, ತೆಲುಗು ಸೀಮೆಗಳಿಂದ ಬಂದು ಭೂಮಿಯ ಒಳಗೆ ಇಳಿದವರಿಗೆ ಸಿಕ್ಕಿದ್ದು 'ಲೈನ್'. ಒಂದರ ಗೋಡೆಗೆ ಇನ್ನೊಂದು ಅಂಟಿದ ಸಣ್ಣ ಮನೆಗಳ ಸಾಲು. ಕೆ.ಜಿ.ಎಫ್.ನವರನ್ನ ಇವತ್ತಿಗೂ ಯಾವ ಏರಿಯಾ ಅಂತ ಕೇಳಿದ್ರೆ 'ಇಂಥಾ ಲೈನ್' ಅಂತಲೇ ಹೇಳ್ತಾರೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಕ್ಕೆ ಹೋದರೆ ಅಲ್ಲೂ ಹಾಗೇ: ಸಾಹುಕಾರರದ್ದು ಬಂಗಲೆ, ಕೆಲಸದವರದ್ದು 'ಲೈನ್ ಮನೆ'. ಪಟ್ಟಣಗಳಲ್ಲಿ ಪೊಲೀಸ್ ಲೈನ್. ಧಾರವಾಡದಲ್ಲಿ ಲೈನ್ ಬಜಾರ್ ಅಂತಲೇ ಒಂದು ಪೇಟೆ ಇದೆ. ಪೇಡಾ ತಿಂದವರಿಗೆ ಆ ಹೆಸರು ಬಾಯಿಪಾಠ.

ಇದನ್ನ ಹೇಳಿದಾಗ ಬಳಗದ ಮೀಟಿಂಗಿನಲ್ಲಿ ಒಂದು ಸಣ್ಣ ಜಗಳವೇ ಆಯ್ತು. 'ಲೈನ್ ಮನೆ ಅನ್ನೋದನ್ನ ಸಾಲುಮನೆ ಅಂತ ಬರೆಯೋಣ, ಎಷ್ಟು ಚೆನ್ನಾಗಿದೆ' ಅಂತ ಕೆಲವರು. ಚೆನ್ನಾಗಿದೆ, ಅದೇ ತೊಂದರೆ. 'ಸಾಲು' ಅಂದ್ರೆ ನಮಗೆ ಸಾಲುಮರ, ಸಾಲುದೀಪ, ನೇಗಿಲ ಸಾಲು ನೆನಪಾಗುತ್ತೆ. 'ಲೈನ್ ಮನೆ' ಅಂದ್ರೆ ತೋಟದ ಕೆಲಸ ಹೋದ ದಿನ ಮನೆಯೂ ಹೋಗುತ್ತೆ ಅನ್ನೋ ಭಯ ನೆನಪಾಗುತ್ತೆ. ಅಲ್ಲಿ ಇದ್ದವರು ಆ ಪದವನ್ನೇ ಬಳಸಿದ್ದಾರೆ, ಬಳಸ್ತಾ ಇದ್ದಾರೆ. ಅದನ್ನ ಚಂದ ಮಾಡೋಕೆ ನಾವ್ಯಾರು? ಹಾಗಂತ ಜನರನ್ನ ಸಾಲಿನಲ್ಲಿಟ್ಟು ಬೇರೆ ಮಾಡೋದನ್ನ ಕಲಿಸಿದವರು ಬ್ರಿಟಿಷರೇ ಅಂತಲೂ ಇಲ್ಲ. 'ಪಂಕ್ತಿಭೇದ' ಅನ್ನೋ ಪದ ಯಾವ ಹಡಗಿನಲ್ಲೂ ಬಂದದ್ದಲ್ಲ.

ಇನ್ನು ಕಬ್ಬಿಣದ ಲೈನು. ಮದ್ರಾಸ್ ರೈಲ್ವೆಯವರು ಜೋಲಾರಪೇಟೆಯಿಂದ ಬೆಂಗಳೂರಿಗೆ ಹಳಿ ಹಾಕಿ ರೈಲು ಬಿಟ್ಟದ್ದು 1864ರಲ್ಲಿ. ಅವತ್ತಿನ ಕೊನೇ ಸ್ಟೇಷನ್ ಈಗಿನ ಮೆಜೆಸ್ಟಿಕ್ ಹತ್ತಿರದ್ದಲ್ಲ, ನಮ್ಮ ಕಂಟೋನ್ಮೆಂಟ್ ಸ್ಟೇಷನ್ನು. ದಂಡಿನ ರೈಲು ದಂಡಿಗೆ ಬಂದು ನಿಂತಿತು, ಊರಿನ ಸ್ಟೇಷನ್ ಆಮೇಲೆ ಬಂತು. ಇವತ್ತು ಮಾರಿಕುಪ್ಪಂನಿಂದ ಬೆಳಗ್ಗೆ ಹೊರಡೋ ಗಾಡಿಗಳು ಬಂಗಾರಪೇಟೆ, ಕೆ.ಆರ್. ಪುರ ದಾಟಿ ಅದೇ ಕಂಟೋನ್ಮೆಂಟಿಗೆ ಬರ್ತವೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ಕೆ.ಜಿ.ಎಫ್.ನ ಲೈನ್ ಮನೆಗಳಿಂದ ಎಷ್ಟೋ ಜನ ಇದೇ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಬಂದು ರಾತ್ರಿ ವಾಪಸ್ ಹೋಗ್ತಾರೆ. ಒಂದು ಲೈನಿನಿಂದ ಎದ್ದು ಇನ್ನೊಂದು ಲೈನ್ ಹಿಡಿಯೋದು ಅಂದರೆ ಇದು.

ಅದೇ ಗಣಿಗಾಗಿಯೇ ಬಂತು ತಾಮ್ರದ ಲೈನು. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ತಯಾರಾದ ಕರೆಂಟು ಸುಮಾರು 148 ಕಿಲೋಮೀಟರ್ ದೂರದ ಕೆ.ಜಿ.ಎಫ್.ಗೆ ಹೋಯಿತು. ಆ ಕಾಲಕ್ಕೆ ಪ್ರಪಂಚದ ಅತಿ ಉದ್ದದ ವಿದ್ಯುತ್ ಲೈನುಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿ ದೀಪಕ್ಕೆ ಕರೆಂಟು ಸಿಕ್ಕಿದ್ದು 1905ರಲ್ಲಿ. ಚಿನ್ನಕ್ಕೆ ಮೊದಲು, ಊರಿಗೆ ಆಮೇಲೆ.

ಸರ್ಕಾರಿ ಕನ್ನಡ ಈ ಎರಡೂ ಲೈನಿಗೆ ಒಂದೇ ಪದ ಕೊಟ್ಟಿದೆ: ಮಾರ್ಗ. ರೈಲು ಮಾರ್ಗ, ವಿದ್ಯುತ್ ಮಾರ್ಗ. ಮೆಟ್ರೊ ಬಂದಾಗ ನೇರಳೆ ಮಾರ್ಗ, ಹಸಿರು ಮಾರ್ಗ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ಮೆಟ್ರೊ ಓಡಿತಲ್ಲ, ಇಂದಿರಾನಗರ, ಹಲಸೂರು, ಟ್ರಿನಿಟಿ ಮೇಲೆ, ಅದು ನೇರಳೆ ಮಾರ್ಗದ ಮೊದಲ ತುಂಡು. ರೈಲಿಗೆ 'ಮಾರ್ಗ' ಸೊಗಸಾಗಿ ಕೂತಿದೆ. ಯಾಕಂದ್ರೆ ಅದರ ಮೇಲೆ ಹೋಗ್ತೀವಿ. ಆದರೆ ಲೈನ್‌ಮನ್‌ಗೆ 'ಮಾರ್ಗದಾಳು' ಅಂತ ಮಾಡಿದ್ರಲ್ಲ, ಅದನ್ನ ಓದಿದಾಗ ಕಂಬ ಹತ್ತಿರೋ ಮನುಷ್ಯ ಕಣ್ಣಿಗೆ ಬರೋದೇ ಇಲ್ಲ, ರಸ್ತೆ ಗುಡಿಸೋರೋ ದಾರಿ ತೋರಿಸೋರೋ ಬರ್ತಾರೆ. ಇಲಾಖೆಯವರಿಗೂ ಹಾಗೇ ಅನ್ನಿಸಿತೋ ಏನೋ, ಈಗ ಹುದ್ದೆಯ ಹೆಸರು 'ಪವರ್‌ಮ್ಯಾನ್'. ಜನ ಮಾತ್ರ ಕರೆಂಟ್ ಹೋದ ತಕ್ಷಣ 'ಲೈನ್‌ಮನ್‌ಗೆ ಫೋನ್ ಮಾಡ್ರೀ' ಅಂತಲೇ ಕೂಗ್ತಾರೆ.

ಈಗ ಈ ಲೇಖನ ಬರೆಯೋಕೆ ನಿಜವಾದ ಕಾರಣಕ್ಕೆ ಬರೋಣ. ಒಂದೇ ಮಾತು, ಎರಡು ಇಲಾಖೆಯಲ್ಲಿ, ಹೆಚ್ಚುಕಮ್ಮಿ ಎದುರುಬದುರಾದ ಅರ್ಥದಲ್ಲಿ ಇದೆ: 'ಲೈನ್ ಕ್ಲಿಯರ್'.

ರೈಲ್ವೆಯಲ್ಲಿ ಹೇಗೆ ಅಂದ್ರೆ, ಎರಡು ಸ್ಟೇಷನ್ ನಡುವಿನ ಹಳಿಯನ್ನ ಬ್ಲಾಕ್ ಸೆಕ್ಷನ್ ಅಂತಾರೆ. ಹಳೇ ಪದ್ಧತಿಯಲ್ಲಿ ಒಂದು ಸಲಕ್ಕೆ ಅದರೊಳಗೆ ಒಂದೇ ಗಾಡಿ. ಗಾಡಿ ಬಿಡೋ ಮುಂಚೆ ಈ ಸ್ಟೇಷನ್ ಮಾಸ್ಟರ್ ಮುಂದಿನ ಸ್ಟೇಷನ್ನಿನ ಮಾಸ್ಟರನ್ನ ಕೇಳಬೇಕು, ಅವರು 'ಲೈನ್ ಕ್ಲಿಯರ್' ಕೊಡಬೇಕು. ಅಂದರೆ ಹಳಿ ಖಾಲಿ ಇದೆ, ಗಾಡಿ ಕಳಿಸಿ. ಒಂಟಿ ಹಳಿ ಇರೋ ಕಡೆ ಬಾಯಿಮಾತು ನಂಬೋ ಹಾಗಿರಲಿಲ್ಲ. ಅದಕ್ಕೆ ನೀಲ್ಸ್ ಬಾಲ್ ಟೋಕನ್ ಅನ್ನೋ ಯಂತ್ರ. ಎರಡೂ ಸ್ಟೇಷನ್ನಿನಲ್ಲಿ ಒಂದೊಂದು ಪೆಟ್ಟಿಗೆ, ಅವೆರಡೂ ತಂತಿಯಿಂದ ಜೋಡಿಸಿದವು, ಒಳಗೆ ಲೋಹದ ಗುಂಡುಗಳು. ಇಬ್ಬರೂ ಒಪ್ಪಿದರೆ ಮಾತ್ರ ಒಂದು ಗುಂಡು ಆಚೆ ಬರುತ್ತೆ. ಅದನ್ನ ಬೆತ್ತದ ಬಳೆಯ ಚೀಲದಲ್ಲಿಟ್ಟು ಡ್ರೈವರ್ ಕೈಗೆ ಕೊಡ್ತಾರೆ. ಆ ಗುಂಡು ಮುಂದಿನ ಸ್ಟೇಷನ್ನಿನ ಪೆಟ್ಟಿಗೆಗೆ ವಾಪಸ್ ಬೀಳೋ ತನಕ ಎರಡೂ ಕಡೆಯಿಂದ ಇನ್ನೊಂದು ಗುಂಡು ತೆಗೆಯೋಕೇ ಆಗಲ್ಲ. ಕಂಪ್ಯೂಟರ್ ಸೈನ್ಸ್‌ನವರು ಈ ಹೊತ್ತಿಗೆ ಕುರ್ಚಿಯಿಂದ ಎದ್ದಿರಬೇಕು. ಹೌದು, ಇದು ಮ್ಯೂಟೆಕ್ಸ್. ಆಪರೇಟಿಂಗ್ ಸಿಸ್ಟಮ್ಸ್ ಪುಸ್ತಕಕ್ಕಿಂತ ಎಷ್ಟೋ ಹಿಂದೆಯೇ ಕೈಯಲ್ಲಿ ಹಿಡಿಯಬಹುದಾದ, ಹಿಡಿದರೆ ಭಾರ ಗೊತ್ತಾಗೋ ಮ್ಯೂಟೆಕ್ಸ್.

ಈಗ ವಿದ್ಯುತ್ ಇಲಾಖೆಗೆ ಬನ್ನಿ. ಇಲ್ಲಿ 'ಲೈನ್ ಕ್ಲಿಯರ್', ಕೆಲಸದವರ ಬಾಯಲ್ಲಿ ಬರೀ 'ಎಲ್‌ಸಿ', ಅಂದರೆ ಲೈನ್ ಮೇಲೆ ಕೆಲಸ ಮಾಡೋಕೆ ಅನುಮತಿ. ಸಬ್‌ಸ್ಟೇಷನ್ನಿನಲ್ಲಿ ಇರೋರು ಆ ಫೀಡರಿನ ಬ್ರೇಕರ್ ತೆಗೆದು, ಐಸೊಲೇಟರ್ ಬಿಚ್ಚಿ, ಅರ್ಥ್ ಮಾಡಿ, ಬೋರ್ಡ್ ನೇತುಹಾಕಿ ಆಮೇಲೆ ಎಲ್‌ಸಿ ಕೊಡಬೇಕು. ಕೊಟ್ಟ ಮೇಲೆ, ಅದನ್ನ ತಗೊಂಡವರು ವಾಪಸ್ ಮಾಡೋ ತನಕ ಆ ಲೈನಿಗೆ ಕರೆಂಟ್ ಬಿಡೋ ಹಾಗಿಲ್ಲ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ರೈಲ್ವೆಯವರಿಗೆ ಲೈನ್ ಕ್ಲಿಯರ್ ಅಂದರೆ 'ಬರಬಹುದು'. ವಿದ್ಯುತ್ತಿನವರಿಗೆ 'ಬರಬಾರದು'. ಒಂದು ಕಡೆ ಅದು ಸಿಕ್ಕಿದ್ರೆ ನೂರಾರು ಟನ್ ಗಾಡಿ ಓಡೋಕೆ ಶುರು ಮಾಡುತ್ತೆ, ಇನ್ನೊಂದು ಕಡೆ ಅದು ಸಿಕ್ಕಿದ್ರೆ ಒಬ್ಬ ಮನುಷ್ಯ ಬರಿಗೈಯಲ್ಲಿ ತಂತಿ ಹಿಡೀತಾನೆ. ನಮ್ಮ ಕೆ.ಆರ್. ಪುರದಲ್ಲಿ ಇವು ಹತ್ತಿರ ಹತ್ತಿರವೇ ಇವೆ: ಕೆಳಗೆ ರೈಲು ಹಳಿ, ಅದರ ಮೇಲೆ 25,000 ವೋಲ್ಟಿನ ತಂತಿ, ಪಕ್ಕದಲ್ಲಿ ಎತ್ತರಕ್ಕೆ 750 ವೋಲ್ಟ್ ಡಿ.ಸಿ. ಮೂರನೇ ಹಳಿಯ ಮೆಟ್ರೊ, ರಸ್ತೆ ಬದಿಗೆ ಊರಿನ 11,000 ವೋಲ್ಟಿನ ಲೈನು. ಇಂಥಾ ಜಾಗದಲ್ಲಿ ಯಾರೋ ಒಬ್ಬರು ಫೋನಿನಲ್ಲಿ 'ಲೈನ್ ಕ್ಲಿಯರ್ ಆಯ್ತಾ?' ಅಂತ ಕೇಳಿ, ಆ ಕಡೆಯಿಂದ 'ಆಯ್ತು ಸಾರ್' ಅಂತ ಬಂದ್ರೆ, ಏನಾಯ್ತು? ಎಲ್‌ಸಿ ಕೊಟ್ಟಾಯ್ತಾ, ಅಥವಾ ಕೆಲಸ ಮುಗಿದು ಎಲ್‌ಸಿ ವಾಪಸ್ ಮಾಡಾಯ್ತಾ? ಮೊದಲನೆಯದಾದ್ರೆ ಸ್ವಿಚ್ ಮುಟ್ಟಬಾರದು, ಎರಡನೆಯದಾದ್ರೆ ಹಾಕಬೇಕು. 'ಆಯ್ತು' ಅನ್ನೋ ನಮ್ಮ ಕನ್ನಡದ ಬಂಗಾರದಂಥ ಪದ ಇಲ್ಲಿ ಪ್ರಾಣಕ್ಕೆ ಸಂಚಕಾರ. ಅದಕ್ಕೇ ಬರವಣಿಗೆಯಲ್ಲಿ, ನಂಬರ್ ಹಾಕಿ, ಹೆಸರು, ಟೈಮ್ ಬರೆದು ಎಲ್‌ಸಿ ತಗೊಳ್ಳೋದು. ಯಾರು ತಗೊಂಡ್ರೋ ಅವರೇ ವಾಪಸ್ ಕೊಡೋದು. ಒಂದೇ ಲೈನ್ ಮೇಲೆ ಎರಡು ಗ್ಯಾಂಗ್ ಇದ್ರೆ ಎರಡು ಬೇರೆ ಎಲ್‌ಸಿ, ಎರಡೂ ವಾಪಸ್ ಬರಬೇಕು. ಎಲ್‌ಸಿ ಸಿಕ್ಕಿದ ಮೇಲೂ ಕೆಲಸದ ಜಾಗದ ಎರಡೂ ಕಡೆ ಅರ್ಥ್ ಮಾಡಿಕೊಳ್ಳಬೇಕು. ಯಾಕಂದ್ರೆ ಯಾವುದೋ ಅಂಗಡಿಯ ಜನರೇಟರ್ ತಪ್ಪಾಗಿ ಕನೆಕ್ಟ್ ಆಗಿದ್ರೆ ಕರೆಂಟು ಹಿಂದಿನಿಂದ ಬರುತ್ತೆ, ಅದಕ್ಕೆ ಸಬ್‌ಸ್ಟೇಷನ್ನಿನ ಬ್ರೇಕರ್ ಗೊತ್ತೂ ಇರಲ್ಲ.

ಮಳೆಗಾಲದಲ್ಲಿ ಪೇಪರ್ ಓದೋರಿಗೆ ಲೈನ್‌ಮನ್‌ಗಳ ಸಾವಿನ ಸುದ್ದಿ ಹೊಸದಲ್ಲ. ಅಂಥಾ ಸುದ್ದಿ ಓದುವಾಗ 'ಪಾಪ, ಶಾಕ್ ಹೊಡೀತಂತೆ' ಅಂತ ಪುಟ ತಿರುಗಿಸೋ ಬದಲು, ಎಲ್‌ಸಿ ತಗೊಂಡಿದ್ರಾ, ಯಾರು ವಾಪಸ್ ಮಾಡಿದ್ರು, ಅರ್ಥ್ ಹಾಕಿದ್ರಾ ಅಂತ ಕೇಳೋ ಎಂಜಿನಿಯರುಗಳು ನಮ್ಮಲ್ಲಿ ಆಗಬೇಕು ಅನ್ನೋದು ನಮ್ಮ ಅಭಿಪ್ರಾಯ. ನಮ್ಮಲ್ಲೇ ಕೆಲವರು ನಾಳೆ ಆ ಪುಸ್ತಕಕ್ಕೆ ಸಹಿ ಹಾಕೋ ಸೆಕ್ಷನ್ ಆಫೀಸರ್ ಆಗ್ತಾರೆ.

ಲ್ಯಾಬಿನಲ್ಲೂ ಇದೇ ಪದ ಸಣ್ಣದಾಗಿ ಕಚ್ಚುತ್ತೆ. ಪ್ಲಗ್ ಪಾಯಿಂಟಿನ ಹಿಂದೆ 'ಎಲ್' ಅಂತ ಇರೋದು ಲೈನ್, ವೈರ್‌ಮನ್ ಅದನ್ನ 'ಫೇಸ್' ಅಂತಾರೆ. ಅಂದ್ರೆ ಮನೆಯಲ್ಲಿ ಲೈನೂ ಫೇಸೂ ಒಂದೇ. ಅದೇ ತ್ರೀ ಫೇಸ್ ಪಾಠಕ್ಕೆ ಬನ್ನಿ, ಸ್ಟಾರ್ ಜೋಡಣೆಯಲ್ಲಿ ಫೇಸ್ ವೋಲ್ಟೇಜ್ 230, ಲೈನ್ ವೋಲ್ಟೇಜ್ ಅದಕ್ಕೆ ಮೂರರ ವರ್ಗಮೂಲದಷ್ಟು ಪಟ್ಟು, ಸುಮಾರು 398, ದುಂಡಾಗಿ 400. ಮನೆಯಲ್ಲಿ ಒಂದೇ ಆಗಿದ್ದ ಎರಡು ಪದ ಇಲ್ಲಿ 170 ವೋಲ್ಟ್ ದೂರ ಆಗಿಬಿಟ್ವು! ಇದನ್ನ ಕನ್ನಡದಲ್ಲಿ ಹೇಳಿಕೊಂಡ್ರೆ ಬೇಗ ತಲೆಗೆ ಹೋಗುತ್ತೆ: ತಂತಿಯಿಂದ ನ್ಯೂಟ್ರಲ್‌ಗೆ 230, ತಂತಿಯಿಂದ ತಂತಿಗೆ 400. ವೈವಾದಲ್ಲಿ ಇಂಗ್ಲಿಷಿನಲ್ಲೇ ಹೇಳಿ, ಆದರೆ ಅರ್ಥ ಮಾಡಿಕೊಳ್ಳೋದನ್ನ ಹೀಗೆ ಮಾಡಿಕೊಳ್ಳಿ.

ಕೋಡ್ ಬರೆಯೋರಿಗೆ ಲೈನ್ ಅಂದರೆ ಸಾಲು, ಅದರಲ್ಲಿ ಗೊಂದಲ ಇಲ್ಲ ಅಂದುಕೊಂಡಿದ್ದೀರಾ? ಒಂದು ಸಾಲು ಎಲ್ಲಿ ಮುಗಿಯುತ್ತೆ ಅನ್ನೋದರ ಮೇಲೇ ಜಗಳ ಇದೆ. ಹಳೇ ಟೆಲಿಪ್ರಿಂಟರಿನಲ್ಲಿ ಹೊಸ ಸಾಲಿಗೆ ಹೋಗೋಕೆ ಎರಡು ಕೆಲಸ: ಅಚ್ಚಿನ ತಲೆಯನ್ನ ಎಡಕ್ಕೆ ತರೋದು, ಕಾಗದವನ್ನ ಒಂದು ಸಾಲು ಮೇಲಕ್ಕೆ ಸರಿಸೋದು. ಮೊದಲನೆಯದು ಕ್ಯಾರೇಜ್ ರಿಟರ್ನ್, ಆಸ್ಕಿಯಲ್ಲಿ 13. ಎರಡನೆಯದು ಲೈನ್ ಫೀಡ್, 10. ಕಾಗದವೂ ಇಲ್ಲ, ತಲೆಯೂ ಇಲ್ಲ, ಆದರೂ ವಿಂಡೋಸ್ ಇವತ್ತಿಗೂ ಎರಡನ್ನೂ ಹಾಕುತ್ತೆ, ಲಿನಕ್ಸ್ ಬರೀ 10 ಹಾಕುತ್ತೆ. ಪ್ರಾಜೆಕ್ಟ್ ಟೀಮಿನಲ್ಲಿ ಇಬ್ಬರ ಲ್ಯಾಪ್‌ಟಾಪ್ ಬೇರೆ ಬೇರೆ ಇದ್ರೆ, ಒಂದಕ್ಷರ ತಿದ್ದದಿದ್ರೂ ಗಿಟ್ 'ಎಲ್ಲ ಸಾಲೂ ಬದಲಾಗಿದೆ' ಅಂತ ಕೂಗೋದು ಇದಕ್ಕೇ. ಸೆಟ್ಟಿಂಗ್‌ನಲ್ಲಿ ಲೈನ್ ಎಂಡಿಂಗ್ ನೋಡಿ, ರೂಮ್‌ಮೇಟ್ ಜೊತೆ ಜಗಳ ಆಮೇಲೆ.

ಟೆಲಿಫೋನಿನ ಲೈನಂತೂ ನಮ್ಮ ಮಗ್ಗುಲಲ್ಲೇ ಹುಟ್ಟಿದ್ದು. ಕೆ.ಆರ್. ಪುರದ ಪಕ್ಕದ ಐ.ಟಿ.ಐ. ಕಾರ್ಖಾನೆ 1948ರಲ್ಲಿ ಶುರುವಾಯ್ತು, ಅದರ ಸುತ್ತ ಬೆಳೆದ ಊರಿನ ಹೆಸರು ದೂರವಾಣಿನಗರ. ಇಂಗ್ಲಿಷ್ ಹೆಸರಿನ ಟೌನುಗಳ ಪಕ್ಕದಲ್ಲಿ ಎಂಥಾ ಅಚ್ಚುಕಟ್ಟಾದ ಹೆಸರು! 'ಲ್ಯಾಂಡ್‌ಲೈನ್'ಗೆ ಕನ್ನಡದಲ್ಲಿ 'ಸ್ಥಿರ ದೂರವಾಣಿ' ಅಂದಾಗಲೂ ಲೈನನ್ನ ಅನುವಾದಿಸೋಕೆ ಹೋಗಲಿಲ್ಲ, ಬಿಟ್ಟೇಬಿಟ್ರು. ಒಳ್ಳೇ ಅನುವಾದ ಅಂದ್ರೆ ಕೆಲವು ಸಲ ಹಾಗೇ. ಇನ್ನೊಂದು ಕಡೆ, ತಂತಿಯೇ ಇಲ್ಲದ ಮೊಬೈಲಿನಲ್ಲಿ ಅಮ್ಮಂದಿರು 'ಲೈನಲ್ಲೇ ಇರು, ಅಪ್ಪಂಗೆ ಕೊಡ್ತೀನಿ' ಅಂತ ಇನ್ನೂ ಹೇಳ್ತಾರೆ.

ಬೀದಿಯ ಲೈನುಗಳನ್ನ ಬೇಗ ಹೇಳಿಬಿಡ್ತೀವಿ, ಯಾಕಂದ್ರೆ ಇವು ನಿಮಗೇ ಚೆನ್ನಾಗಿ ಗೊತ್ತು. 'ನೀವು ಯಾವ ಲೈನಲ್ಲಿದೀರಾ?' ಅಂದ್ರೆ ಯಾವ ಕಸುಬು. 'ಲೈನಿಗೆ ಬಾ' ಅಂದ್ರೆ ದಾರಿಗೆ ಬಾ. ಶಿವಾಜಿನಗರದ ಅಂಗಡಿಗೆ ಬಿಸ್ಕತ್ತು, ಸೋಪು ಹಾಕೋ ಹುಡುಗ 'ಲೈನ್ ಮೇಲೆ ಹೋಗಿದಾನೆ' ಅಂದ್ರೆ ಅಂಗಡಿಯಿಂದ ಅಂಗಡಿಗೆ ಸುತ್ತಾ ಇದಾನೆ ಅಂತ. ಸಿನಿಮಾದವರ 'ಒನ್ ಲೈನ್' ಅಂದ್ರೆ ಕಥೆಯ ಎಳೆ. ನೋಡಿ, ಕನ್ನಡದಲ್ಲಿ ಮತ್ತೆ ದಾರವೇ ಬಂತು. ಕ್ರಿಕೆಟ್ಟಿನ ಲೈನ್ ಆ್ಯಂಡ್ ಲೆಂತ್‌ಗೆ ಕಾಮೆಂಟ್ರಿಯವರೂ ಕನ್ನಡ ಹುಡುಕಿಲ್ಲ, ನಾವೂ ಹುಡುಕಲ್ಲ.

ಇನ್ನು 'ಲೈನ್ ಹೊಡೆಯೋದು'. ಬೋರ್ಡಿನಲ್ಲಿ ಹೃದಯ ಬಿಡಿಸಿದವರೇ, ಈ ಪ್ರಯೋಗ ಇಂಗ್ಲಿಷಿನಲ್ಲಿ ಇಲ್ಲ, ಇದು ನಮ್ಮ ದೇಶದ್ದೇ ತಯಾರಿಕೆ. ನಗೋಕೆ ಚೆನ್ನಾಗಿದೆ. ಆದರೆ ಇದರಲ್ಲಿ ಹೊಡೆಯೋರು ಮಾತ್ರ ಇದಾರೆ, ಆ ಕಡೆಯವರಿಗೆ ಇಷ್ಟ ಇದೆಯಾ ಇಲ್ವಾ ಅನ್ನೋಕೆ ಪದದಲ್ಲಿ ಜಾಗವೇ ಇಲ್ಲ. ರೈಲ್ವೆಯವರೂ ಆ ಕಡೆಯ ಸ್ಟೇಷನ್ನಿನ ಒಪ್ಪಿಗೆ ಇಲ್ಲದೆ ಗಾಡಿ ಬಿಡಲ್ಲ.

ಹೀಗೆ ಎಲ್ಲ ನೋಡಿದ ಮೇಲೆ ಬೋರ್ಡಿನಲ್ಲಿ ಏನು ಉಳಿಸಬೇಕು ಅಂತ ಕೂತು ಮಾತಾಡಿದ್ವಿ. 'ಎಲ್ಲದಕ್ಕೂ ರೇಖೆ ಅಂತ ಇಟ್ಟುಬಿಡೋಣ, ಒಂದೇ ಪದ, ಸುಲಭ' ಅನ್ನೋ ಸಲಹೆ ಮೊದಲು ಬಿತ್ತು. ಆಗ ಲೈನ್‌ಮನ್ 'ರೇಖಾಪುರುಷ' ಆಗ್ತಾರೆ, ಬೇಡ. ಕೊನೆಗೆ ಒಪ್ಪಿದ್ದು ಹೀಗೆ. ಕಾಗದದ ಮೇಲೆ ಕೈಯಲ್ಲಿ ಎಳೆದದ್ದು ಗೆರೆ. ಅಗಲ ಇಲ್ಲದ, ಎರಡೂ ಕಡೆ ಮುಗಿಯದ, ಗಣಿತದ್ದು ರೇಖೆ. ಕೋಡು, ಕವಿತೆ, ಮರ, ಇರುವೆ, ಎಲ್ಲಕ್ಕೂ ಸಾಲು. ಮೆಸ್ಸಿನಲ್ಲಿ ಸರತಿ, ಪೇಪರಿನವರು ಬರೆಯೋ 'ಸರತಿ ಸಾಲು' ಉದ್ದ ಆಯ್ತು, ಹಸಿವಾದಾಗ ಅಷ್ಟೆಲ್ಲ ಹೇಳೋಕಾಗಲ್ಲ. ಕರೆಂಟಿಗೆ ತಂತಿ, ರೈಲಿಗೆ ಮೆಟ್ರೊಗೆ ಮಾರ್ಗ. ಲೈನ್ ಮನೆ, ಲೈನ್‌ಮನ್ ಇವೆರಡನ್ನ ಮುಟ್ಟಲಿಲ್ಲ, ಅವು ಆಗಲೇ ಕನ್ನಡ.

'ಲೈನ್ ಕ್ಲಿಯರ್'ಗೆ ಮಾತ್ರ ಮೂರು ದಿನ ತಗೊಂಡ್ವಿ. 'ಮಾರ್ಗ ಮುಕ್ತ' ಅಂತ ಒಬ್ಬರು ತಂದ್ರು, ಕೇಳೋಕೆ ಘನವಾಗಿದೆ. ಆದರೆ ಮುಕ್ತ ಅಂದ್ರೆ ಗಾಡಿಗೆ ಮುಕ್ತವೋ, ಕರೆಂಟಿನಿಂದ ಮುಕ್ತವೋ? ಅದೇ ಗೊಂದಲ, ಈ ಸಲ ಶುದ್ಧ ಕನ್ನಡದಲ್ಲಿ. ಅದಕ್ಕೆ ಪದ ಮಾಡೋದು ಬಿಟ್ಟು ಎರಡು ವಾಕ್ಯ ಬರೆದು ಅಂಟಿಸಿದ್ದೀವಿ. ಎಲೆಕ್ಟ್ರಿಕಲ್ ಮೆಷೀನ್ಸ್ ಲ್ಯಾಬಿನ ಬಾಗಿಲಿನ ಮೇಲೂ ಒಂದು ಪ್ರತಿ ಇದೆ: 'ನಾನು ಕೆಲಸ ಮಾಡ್ತಾ ಇದೀನಿ, ಸ್ವಿಚ್ ಹಾಕಬೇಡಿ.' 'ನನ್ನ ಕೆಲಸ ಮುಗಿದಿದೆ, ಎಲ್ಲರೂ ದೂರ ಇದಾರೆ, ಸ್ವಿಚ್ ಹಾಕಬಹುದು.' ಈ ಎರಡರ ನಡುವೆ ಬರೀ 'ಆಯ್ತು' ಅನ್ನೋ ಹಾಗಿಲ್ಲ ಅಂತ ಲ್ಯಾಬ್ ಇನ್‌ಸ್ಟ್ರಕ್ಟರ್ ಕೆಳಗೆ ಕೆಂಪು ಪೆನ್ನಿನಲ್ಲಿ ತಾವೇ ಸೇರಿಸಿದಾರೆ.

ಸೋಮವಾರದಿಂದ ಹೊಸ ಪದ: 'ಕ್ರಾಸ್'. ಇಂದಿರಾನಗರದಲ್ಲಿ ಅದು ಅಡ್ಡರಸ್ತೆ, ಊರಿನ ಹೆದ್ದಾರಿಯಲ್ಲಿ ಬಸ್ಸಿನವರು ಇಳಿಸಿ ಹೋಗೋ ಜಾಗ. ಚೀಟಿ, ಗುಂಡುಪಿನ್ನು ಎರಡೂ ಬೋರ್ಡಿನ ಪಕ್ಕದ ಡಬ್ಬಿಯಲ್ಲಿವೆ.